ನನ್ನಿಂದ ಅವಳ ಓಟ ಹಾಳಾಗುತ್ತದೆಯೇ?

ಪ್ರಶ್ನೆ: ಮೇಡಂ, ನನಗೆ 46 ವರ್ಷ. ತೀರ್ಥಹಳ್ಳಿ ಕಡೆಯ ರೈತರ ಮನೆಯವಳು. ಮದುವೆಯಾದ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಬಂದು, ಈಗ ಫ್ರೀಮಾಂಟ್‌ನಲ್ಲಿದ್ದೇನೆ. ಇಲ್ಲಿನ ಕನ್ನಡ ಕೂಟದಲ್ಲಿ ಪರಿಚಯವಾದ ಗೆಳತಿಯೊಬ್ಬಳು ಒಳ್ಳೆಯ ಓಟಗಾರ್ತಿ. ರಸ್ತೆಯ ಮ್ಯಾರಥಾನನ್ನು ನಾಲ್ಕು ಗಂಟೆಯೊಳಗೆ ಮುಗಿಸುತ್ತಾಳೆ. ನಾನು ಅವಳ ಜೊತೆ ವಾಕಿಂಗ್ ಶುರುಮಾಡಿ, ನಿಧಾನವಾಗಿ ಓಡುವುದನ್ನು ಕಲಿತವಳು. ಹೋದ ವರ್ಷ ಅವಳಿಗೆ ಗರ್ಭಕೋಶದ ಆಪರೇಷನ್ ಆಯಿತು. ಎರಡು ತಿಂಗಳು ಅವಳ ಮಕ್ಕಳನ್ನು ನಾನೇ ಶಾಲೆಗೆ ಬಿಟ್ಟು ಕರೆತರುತ್ತಿದ್ದೆ. ಈಗ ಪೂರ್ತಿ ಚೇತರಿಸಿಕೊಂಡಿದ್ದಾಳೆ. ಏಪ್ರಿಲ್‌ನಲ್ಲಿ ಮರಿನ್ ಹೆಡ್‌ಲ್ಯಾಂಡ್ಸ್ ಗುಡ್ಡಗಳಲ್ಲಿ ನಡೆಯುವ ಟ್ರೇಲ್ ಮ್ಯಾರಥಾನ್‌ಗೆ ಇಬ್ಬರ ಹೆಸರನ್ನೂ ಬರೆಸಿ, ‘ಗಡಿಯಾರ ನೋಡೋದು ಬೇಡ ಕಣೇ, ಮಾತಾಡ್ತಾ ಹೋಗೋಣ’ ಅಂದಳು. ಆಗ ಖುಷಿಯಾಗಿತ್ತು. ಇನ್ನು ಆರು ವಾರವಿದೆ, ರಾತ್ರಿ ನಿದ್ದೆ ಬರುತ್ತಿಲ್ಲ. ಅಭ್ಯಾಸಕ್ಕೆ ಹೋದಾಗ ಪ್ರತಿ ಏರಿನ ತುದಿಯಲ್ಲಿ ಅವಳು ನಿಂತು ಕಾಯುತ್ತಾಳೆ. ಪ್ರತಿ ಸಲವೂ ನಾನು ‘ಸಾರಿ ಕಣೇ’ ಅನ್ನುತ್ತೇನೆ. ಹೋದ ವಾರ ಮಂಡಿ ನೋಯುತ್ತಿದ್ದರೂ ಹೇಳದೆ ಇಳಿದು, ಕೊನೆಗೆ ಕುಂಟುತ್ತಾ ಕಾರು ಸೇರಿದೆ. ಅವಳು ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಯಲ್ಲಿ ನನ್ನವರು ತಮಾಷೆಗೆ, ‘ಪಾಪ, ಅವಳ ಟೈಮ್ ಹಾಳು ಮಾಡ್ತೀಯ’ ಅಂದರು. ಅದು ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಅತ್ತೆ ಊರಿಂದ ಬರುತ್ತಿದ್ದಾರೆ ಅಂತ ಸುಳ್ಳು ಹೇಳಿ ಹಿಂದೆ ಸರಿಯಲೇ? ಇಂಥ ಸಣ್ಣ ವಿಷಯಕ್ಕೆ ಬರೆಯುತ್ತಿರುವುದಕ್ಕೆ ಕ್ಷಮಿಸಿ.
– ಹೆಸರು ಬೇಡ, ಫ್ರೀಮಾಂಟ್

ಉತ್ತರ: ನಿದ್ದೆ ಕೆಡಿಸಿದ ವಿಷಯ ಸಣ್ಣದಾಗುವುದಿಲ್ಲ. ಕ್ಷಮೆ ಕೇಳುವಂಥದ್ದು ಇದರಲ್ಲಿ ಏನೂ ಇಲ್ಲ, ಧೈರ್ಯವಾಗಿ ಓದಿ.

ಏರಿನ ತುದಿಯಲ್ಲಿ ಒಬ್ಬರು ನಿಂತಿದ್ದಾರೆ, ನಾವು ಕೆಳಗಿನಿಂದ ಏದುಸಿರು ಬಿಡುತ್ತಾ ಹತ್ತುತ್ತಿದ್ದೇವೆ. ಅವರ ಮುಖದಲ್ಲಿ ಬೇಸರವಿದೆಯೋ ಎಂದು ದೂರದಿಂದಲೇ ಹುಡುಕುತ್ತೇವೆ. ಇಲ್ಲದಿದ್ದರೂ ಇದೆ ಎಂದುಕೊಳ್ಳುತ್ತೇವೆ. ಕಾಲಿನ ದಣಿವಿಗಿಂತ ಈ ಹುಡುಕಾಟದ ದಣಿವು ಹೆಚ್ಚು. ಇದು ನಿಮ್ಮೊಬ್ಬರ ಪಾಡಲ್ಲ. ಲಾಲ್‌ಬಾಗಿನಲ್ಲಿ ಬೆಳಗಿನ ವಾಕಿಂಗ್ ಗುಂಪಿನಿಂದ ಸದ್ದಿಲ್ಲದೆ ಬಿಟ್ಟುಹೋದವರನ್ನು ಕೇಳಿ ನೋಡಿ. ಕುಮಾರಪರ್ವತಕ್ಕೆ ಗೆಳೆಯರು ಕರೆದಾಗಲೆಲ್ಲ ‘ಮನೆಯಲ್ಲಿ ಕೆಲಸವಿದೆ’ ಅನ್ನುವವರನ್ನು ಕೇಳಿ. ಮಗನ ಮನೆಗೆಂದು ವಿದೇಶಕ್ಕೆ ಹೋಗಿ, ‘ನೀವು ಸುತ್ತಾಡಿ ಬನ್ನಿ, ನಾನು ಬೆಂಚಿನ ಮೇಲೆ ಕೂತಿರ್ತೇನೆ’ ಅನ್ನುವ ಅಮ್ಮಂದಿರನ್ನು ಕೇಳಿ. ಬಹಳ ಮಂದಿ ಕಾಲು ಸೋತು ಕೂತವರಲ್ಲ. ಇನ್ನೊಬ್ಬರನ್ನು ಕಾಯಿಸುವುದು ಸಹಿಸಲಾಗದೆ ಕೂತವರು.

ಹೀಗೆ ಅನ್ನಿಸುವುದಕ್ಕೆ ಕಾರಣವೂ ಇದೆ. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಕಾಯುವುದು ಚಿಕ್ಕಂದಿನಿಂದಲೇ ಅಭ್ಯಾಸವಾಗಿರುತ್ತದೆ. ಎಲ್ಲರ ಊಟವಾಗಲಿ ಎಂದು ಕಾಯುತ್ತೇವೆ, ಗಂಡ ಬರಲಿ, ಮಕ್ಕಳು ಮಲಗಲಿ ಎಂದು ಕಾಯುತ್ತೇವೆ. ಆದರೆ ನಮಗಾಗಿ ಇನ್ನೊಬ್ಬರು ನಿಂತು ಕಾದರೆ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. ಕೈಗೆ ಸಿಕ್ಕಿದ್ದು ‘ಸಾರಿ’ ಎಂಬ ಒಂದೇ ಮಾತು, ಅದನ್ನೇ ಹೇಳುತ್ತೇವೆ.

ನಿಮ್ಮ ಪತ್ರದಲ್ಲಿ ಒಂದು ಸಾಲು ನನ್ನನ್ನು ತಡೆದು ನಿಲ್ಲಿಸಿತು. ಎರಡು ತಿಂಗಳು ಗೆಳತಿಯ ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತಂದ ಮಾತನ್ನು ನೀವು ಒಂದೇ ಉಸಿರಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಆ ದಿನಗಳಲ್ಲಿ ನಿಮ್ಮ ಟೈಮ್ ಹಾಳಾಗುತ್ತಿದೆ ಎಂದು ನಿಮಗೆ ಅನ್ನಿಸಿರಲಾರದು. ಅವಳು ಹೊರೆ ಎಂದೂ ಅನ್ನಿಸಿರಲಾರದು. ಅದಕ್ಕೂ ಇದಕ್ಕೂ ವಜಾ ಆಯಿತು ಎಂದು ನಾನು ಹೇಳುತ್ತಿಲ್ಲ, ಗೆಳೆತನದಲ್ಲಿ ಹಾಗೆ ಲೆಕ್ಕ ಹಾಕಲು ಬರುವುದಿಲ್ಲ. ಆದರೆ ಅವಳ ಮಕ್ಕಳಿಗಾಗಿ ಶಾಲೆಯ ಗೇಟಿನ ಮುಂದೆ ಕಾಯುವಾಗ ನಿಮಗೆ ಏನನ್ನಿಸುತ್ತಿತ್ತೋ, ಏರಿನ ತುದಿಯಲ್ಲಿ ನಿಂತ ಅವಳಿಗೂ ಅದೇ ಅನ್ನಿಸುತ್ತಿರಬಹುದಲ್ಲವೇ? ನಿಮಗಿರುವ ಮನಸ್ಸು ಅವಳಿಗೂ ಇದೆ ಎಂದು ನಂಬುವುದೂ ಅವಳಿಗೆ ಕೊಡುವ ಗೌರವವೇ.

ಇನ್ನೊಂದು ಮಾತು. ಗರ್ಭಕೋಶದ ಆಪರೇಷನ್ ಆಗಿ ಎದ್ದ ಹೆಂಗಸು ಅವಳು. ನಾಲ್ಕು ಗಂಟೆಯೊಳಗೆ ಓಡುತ್ತಿದ್ದ ದೇಹ ಮತ್ತೆ ಮೊದಲಿನಂತೆ ಕೇಳುತ್ತದೆಯೋ ಇಲ್ಲವೋ ಎಂಬ ಅನುಮಾನ ಅವಳಿಗೂ ಇರಬಹುದು. ‘ಗಡಿಯಾರ ನೋಡೋದು ಬೇಡ’ ಎಂಬ ಮಾತನ್ನು ನೀವು ನಿಮ್ಮ ಮೇಲಿನ ಕರುಣೆ ಎಂದು ಓದಿಕೊಂಡಿದ್ದೀರಿ. ಅದು ಅವಳ ಸ್ವಂತ ಬೇಡಿಕೆಯೂ ಆಗಿರಬಹುದು. ಗಡಿಯಾರವಿಲ್ಲದೆ ಓಡಲು ಅವಳಿಗೊಂದು ಜೊತೆ ಬೇಕಾಗಿತ್ತು. ಅವಳ ಪರಿಚಯದಲ್ಲಿ ವೇಗವಾಗಿ ಓಡುವವರಿಗೆ ಕೊರತೆ ಇರಲಾರದು, ಆದರೂ ನಿಮ್ಮ ಹೆಸರು ಬರೆಸಿದಳು. ಅವಳು ಯೋಚಿಸಿ ಮಾಡಿದ ಆಯ್ಕೆ ಇದು. ‘ನನ್ನಿಂದ ಅವಳ ಓಟ ಹಾಳು’ ಎಂದಾಗ, ನಿಮಗೆ ಗೊತ್ತಿಲ್ಲದೆಯೇ ಆ ಆಯ್ಕೆಯನ್ನು ಅವಳ ಕೈಯಿಂದ ಕಿತ್ತುಕೊಂಡಂತಾಗುತ್ತದೆ.

ನೀವು ಓಡಲಿರುವ ನೆಲದ ಬಗ್ಗೆಯೂ ಸ್ವಲ್ಪ ಹೇಳಬೇಕು. ಗೋಲ್ಡನ್ ಗೇಟ್ ಸೇತುವೆಯ ಆಚೆ ಬದಿಯ ಆ ಗುಡ್ಡಗಳಲ್ಲಿ ಸಮತಟ್ಟು ಕಡಿಮೆ. ರೋಡಿಯೋ ಬೀಚ್, ಟೆನೆಸೀ ವ್ಯಾಲಿ, ಮ್ಯೂರ್ ಬೀಚ್ ಎಂದು ಸಮುದ್ರದ ಮಟ್ಟಕ್ಕೆ ಇಳಿದಷ್ಟೂ ಸಲ ಮತ್ತೆ ಹತ್ತಬೇಕು. ಅಲ್ಲಿ 42 ಕಿಲೋಮೀಟರ್ ಎಂದರೆ ಒಟ್ಟು ಏರು ಸಾವಿರ ಮೀಟರ್ ದಾಟುವುದು ಸಾಮಾನ್ಯ. ಕಡಿದಾದ ಏರನ್ನು ಅನುಭವಿ ಓಟಗಾರರೂ ನಡೆದೇ ಹತ್ತುತ್ತಾರೆ. ರಸ್ತೆ ಮ್ಯಾರಥಾನಿನ ಸಮಯವನ್ನು ಈ ಗುಡ್ಡಕ್ಕೆ ಹಿಡಿದು ನೋಡಿದರೆ ಎಂಥವರಿಗೂ ಸಂಕಟವೇ. ಮಲೆನಾಡಿನಲ್ಲಿ ಬೆಳೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಗುಂಬೆ ಘಾಟಿಯಲ್ಲಿ ಮೈಲಿ ಲೆಕ್ಕ ಯಾರು ಹಾಕುತ್ತಾರೆ?

ಅದೇ ಮರಿನ್ ಸೀಮೆಯಲ್ಲಿ, ಸ್ವಲ್ಪ ಉತ್ತರಕ್ಕೆ, 1905ರಲ್ಲಿ ಶುರುವಾದ ‘ಡಿಪ್ಸೀ’ ಎಂಬ ಓಟವಿದೆ. ಮಿಲ್ ವ್ಯಾಲಿಯಿಂದ ಸ್ಟಿನ್ಸನ್ ಬೀಚಿನವರೆಗೆ ಗುಡ್ಡ ಹತ್ತಿ ಇಳಿಯುವ, ಸುಮಾರು 12 ಕಿಲೋಮೀಟರಿನ ದಾರಿ. ಅಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ವಯಸ್ಸು ಮತ್ತು ಹೆಣ್ಣು–ಗಂಡು ನೋಡಿ, ಚಿಕ್ಕ ಮಕ್ಕಳನ್ನೂ ಹಿರಿಯರನ್ನೂ ಮೊದಲು ಬಿಡುತ್ತಾರೆ, ಗಟ್ಟಿಮುಟ್ಟಾದ ತರುಣರು ಕೊನೆಗೆ ಹೊರಡಬೇಕು. ಹಾಗಾಗಿ 2010ರಲ್ಲಿ ಎಂಟು ವರ್ಷದ ಹುಡುಗಿ ಗೆದ್ದಳು, 2012ರಲ್ಲಿ 72 ವರ್ಷದ ಹಿರಿಯರು ಗೆದ್ದರು. ಇದೇ ದಾರಿಯಲ್ಲಿ 1918ರಿಂದ 1922ರವರೆಗೆ ಹೆಂಗಸರಿಗಾಗಿಯೇ ಬೇರೆ ಸ್ಪರ್ಧೆ ನಡೆಯಿತು. ಹೆಂಗಸರು ಓಡುವುದನ್ನು ಆಗಿನವರು ಒಪ್ಪುತ್ತಿರಲಿಲ್ಲ. ಅದಕ್ಕೆ ಓಟ ಎನ್ನದೆ ‘ನಡಿಗೆ’ ಎಂಬ ಹೆಸರಿಟ್ಟು ಭಾಗವಹಿಸಿದರು. ಯಾರು ಮೊದಲು, ಯಾರು ಆಮೇಲೆ, ಯಾರ ವೇಗ ಸರಿ ಎಂಬುದೆಲ್ಲ ಮನುಷ್ಯರು ಕೂತು ಮಾಡಿಕೊಂಡ ಒಪ್ಪಂದ. ಆ ಒಪ್ಪಂದವನ್ನು ನೀವಿಬ್ಬರೂ ನಿಮಗೆ ಬೇಕಾದಂತೆ ಮಾಡಿಕೊಳ್ಳಬಹುದು.

ನಿಮ್ಮೂರಿನ ಗದ್ದೆಯಲ್ಲಿ ನೆಟ್ಟಿ ನಡೆಯುವುದನ್ನು ನೆನಪಿಸಿಕೊಳ್ಳಿ. ಹೆಂಗಸರು ಸಾಲಾಗಿ ಬಗ್ಗಿ, ಸಸಿ ಊರುತ್ತಾ ಹಿಂದಕ್ಕೆ ಸರಿಯುತ್ತಾರೆ. ಒಬ್ಬಳ ಕೈ ಚುರುಕು, ಇನ್ನೊಬ್ಬಳದು ನಿಧಾನ. ಪಕ್ಕದವಳು ಹಿಂದೆ ಬಿದ್ದರೆ ಚುರುಕಿನವಳು ಅತ್ತ ಕೈ ಚಾಚಿ ನಾಲ್ಕು ಸಸಿ ಊರಿಬಿಡುತ್ತಾಳೆ. ಮಾತು ನಿಲ್ಲುವುದಿಲ್ಲ, ಹಾಡಿದ್ದರೆ ಹಾಡೂ ನಿಲ್ಲುವುದಿಲ್ಲ. ಅಲ್ಲಿ ಯಾರೂ ಯಾರಿಗೂ ‘ಸಾರಿ’ ಹೇಳುವುದನ್ನು ನೀವು ಕೇಳಿರಲಾರಿರಿ.

ಈಗ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ಬೇಸರಿಸಬೇಡಿ. ನಿಮ್ಮ ನಿಧಾನ ಗೆಳತಿಗೆ ಹೊರೆಯಲ್ಲ, ಮುಚ್ಚಿಟ್ಟ ನೋವು ಹೊರೆ. ಹೋದ ವಾರ ಕಾರಿನಲ್ಲಿ ಅವಳು ಮಾತು ಬಿಟ್ಟದ್ದು ತಡವಾಯಿತೆಂದು ಆಗಿರಲಾರದು. ನೀವು ಕುಂಟುವವರೆಗೂ ಅವಳಿಗೆ ಏನೂ ತಿಳಿಸಲಿಲ್ಲ. ಜೊತೆಗಿದ್ದೂ ಜೊತೆಯಾಗಲು ಬಿಡಲಿಲ್ಲ ಎಂಬ ನೋವು ಅವಳದಾಗಿರಬಹುದು. ಪದೇ ಪದೇ ಹೇಳುವ ‘ಸಾರಿ’ಯೂ ಹಾಗೆಯೇ. ಒಂದೆರಡು ಸಲ ಅದು ಸೌಜನ್ಯ. ಮೂವತ್ತು ಸಲ ಕೇಳಿದ ಮೇಲೆ, ಓಡುವುದರ ಜೊತೆಗೆ ನಿಮ್ಮನ್ನು ಸಮಾಧಾನ ಮಾಡುವ ಕೆಲಸವೂ ಅವಳ ಪಾಲಿಗೆ ಬೀಳುತ್ತದೆ. ಇನ್ನು ಅತ್ತೆಯವರ ಹೆಸರಿನ ಸುಳ್ಳು ದಯವಿಟ್ಟು ಬೇಡ. ಬಾರದ ಅತ್ತೆಗೆ ದಿನಾಂಕ ಹೊಂದಿಸುತ್ತಾ ಕೂರಬೇಕಾಗುತ್ತದೆ, ಮುಂದೆ ಅವಳು ಕರೆದಾಗಲೆಲ್ಲ ಆ ಸುಳ್ಳು ಅಡ್ಡ ಬರುತ್ತದೆ. ಹಿಂದೆ ಸರಿಯಲೇಬೇಕಾದರೆ ನಿಜ ಹೇಳಿಯೇ ಸರಿಯಿರಿ.

ಮಾಡಬೇಕಾದ ಮೊದಲ ಕೆಲಸ, ಈ ವಾರವೇ ಅವಳೊಂದಿಗೆ ಮಾತು. ಓಡುವಾಗ ಬೇಡ, ಕೂತು ಕಾಫಿ ಕುಡಿಯುವಾಗ ಆಗಲಿ. ಉದ್ದನೆಯ ಪೀಠಿಕೆ ಬೇಕಿಲ್ಲ. ‘ನೀನು ಕಾಯೋವಾಗ ನನಗೆ ಒಂಥರಾ ಸಂಕೋಚ ಆಗತ್ತೆ ಕಣೇ, ಅದಕ್ಕೇ ಮಂಡಿ ನೋವು ಹೇಳ್ಲಿಲ್ಲ’ ಎಂದರೆ ಸಾಕು. ಆಮೇಲೆ, ‘ಈ ಓಟ ನಿನಗೆ ಯಾಕೆ ಬೇಕು ಅನ್ನಿಸ್ತು?’ ಎಂದು ಕೇಳಿ ಸುಮ್ಮನಿರಿ. ಅವಳ ಉತ್ತರವನ್ನು ನೀವೇ ಊಹಿಸಿ ತುಂಬಬೇಡಿ. ಒಂದು ವೇಳೆ, ‘ನಿಜ ಹೇಳ್ಬೇಕಂದ್ರೆ, ಈಗ ನನಗೂ ಸ್ವಲ್ಪ ಜೋರಾಗಿ ಓಡೋಣ ಅನ್ನಿಸ್ತಿದೆ’ ಎಂದರೂ ಕುಗ್ಗಬೇಡಿ. ಅವಳು ಮುಂದೆ ಹೋಗಲಿ, ನೀವು ನಿಮ್ಮ ವೇಗದಲ್ಲಿ ಬನ್ನಿ, ಕೊನೆಯಲ್ಲಿ ಸೇರಿ ಊಟ ಮಾಡಿ. ಅದರಲ್ಲಿಯೂ ಗೆಳೆತನಕ್ಕೆ ಕೊರತೆಯಿಲ್ಲ. ಆದರೆ ಅದನ್ನು ಅವಳ ಬಾಯಿಂದ ಕೇಳಿ ತಿಳಿಯಬೇಕೇ ಹೊರತು, ನಡುರಾತ್ರಿ ನಿಮ್ಮ ತಲೆಯೊಳಗೆ ತೀರ್ಮಾನಿಸುವುದಲ್ಲ.

ಜೊತೆಗೇ ಓಡುವುದೆಂದಾದರೆ ಕೆಲವು ವಿಷಯ ಮೊದಲೇ ಮಾತಾಡಿಕೊಳ್ಳಿ. ಏರಿನಲ್ಲಿ ನೀವು ಮುಂದೆ, ಅವಳು ಹಿಂದೆ ಇರಲಿ. ಆಗ ಆ ‘ತುದಿಯಲ್ಲಿ ಕಾಯುವುದು’ ಎಂಬುದೇ ಇರುವುದಿಲ್ಲ, ಮುಂದಿರುವವರ ಹೆಜ್ಜೆಗೇ ಇಬ್ಬರೂ ನಡೆಯುತ್ತೀರಿ. ‘ಸಾರಿ’ ಬಾಯಿಗೆ ಬಂದಾಗ ಅದನ್ನು ಬಿಟ್ಟು, ಆ ಹೊತ್ತಿಗೆ ಬೇಕಾದುದನ್ನು ಹೇಳಿ: ‘ಎರಡು ನಿಮಿಷ ನಡೆಯೋಣ’, ‘ಮಂಡಿ ಹಿಡಿದಂಗಿದೆ’, ‘ನೀರು ಕುಡೀಬೇಕು’. ಅವಳೂ ಹಾಗೆಯೇ ಹೇಳಲಿ, ಆಪರೇಷನ್ ಆದ ದೇಹ ಅವಳದು. ಒಬ್ಬರು ನಡುವೆ ನಿಲ್ಲಬೇಕಾಗಿ ಬಂದರೆ ಇನ್ನೊಬ್ಬರು ಏನು ಮಾಡುವುದು ಎಂಬುದನ್ನೂ ಈಗಲೇ ತೀರ್ಮಾನಿಸಿ. ದಣಿದ ಹೊತ್ತಿನಲ್ಲಿ, ದಾರಿ ಮಧ್ಯದಲ್ಲಿ ಅದನ್ನು ಚರ್ಚಿಸುವುದು ಇಬ್ಬರಿಗೂ ಕಷ್ಟ. ಯಾವ ಸ್ಥಳವನ್ನು ಎಷ್ಟು ಹೊತ್ತಿನೊಳಗೆ ದಾಟಬೇಕೆಂದು ಆಯೋಜಕರಿಂದ ತಿಳಿದುಕೊಳ್ಳಿ. ಅದೇ ದಿನ ಕಡಿಮೆ ದೂರದ ಓಟವೂ ಇದ್ದರೆ, ಅದಕ್ಕೆ ಬದಲಾಯಿಸಿಕೊಳ್ಳಬಹುದೇ ಎಂದೂ ಕೇಳಿಡಿ. ಹಿಂದಿರುಗಲು ಬಾಗಿಲು ತೆರೆದಿದೆ ಎಂದು ಗೊತ್ತಿದ್ದರೆ ಮನಸ್ಸು ಅರ್ಧ ಹಗುರ.

ಮಂಡಿಯನ್ನು ಮಾತ್ರ ಮಾತಿನಿಂದ ಸರಿಮಾಡಲಾಗದು. ಓಟದ ಗಾಯಗಳನ್ನು ಬಲ್ಲ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಈ ವಾರವೇ ಕಾಣಿ. ಇಳಿಜಾರಿನಲ್ಲಿ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು, ಮಂಡಿಗೆ ಪೆಟ್ಟು ಹೆಚ್ಚು. ಆರು ವಾರ ಕಡಿಮೆಯಲ್ಲ, ಆದರೆ ಅವರು ಬೇಡವೆಂದರೆ ಬೇಡ. ನೋವಿಗೆಂದು ವೈದ್ಯರನ್ನು ಕೇಳದೆ ಐಬುಪ್ರೊಫೆನ್ ನುಂಗಿ ಇಷ್ಟು ದೂರ ಓಡಬೇಡಿ, ಅದು ಕಿಡ್ನಿಗೆ ಅಪಾಯ. ದಕ್ಷಿಣ ಏಷ್ಯಾ ಮೂಲದವರಲ್ಲಿ ಹೃದಯದ ಕಾಯಿಲೆ ಬೇಗ ಕಾಣಿಸಿಕೊಳ್ಳುವುದುಂಟು. ಮನೆತನದಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹಾರ್ಟ್ ಅಟ್ಯಾಕ್ ಆಗಿದ್ದರೆ, ಓಡುವಾಗ ಎದೆ ಬಿಗಿದರೆ, ಕಣ್ಣು ಕತ್ತಲಿಟ್ಟರೆ, ಓಟಕ್ಕೆ ಮುಂಚೆ ನಿಮ್ಮ ವೈದ್ಯರಿಗೆ ಹೇಳಿ ಪರೀಕ್ಷೆ ಮಾಡಿಸಿಕೊಳ್ಳಿ. ಗೆಳತಿಯೂ ತನ್ನ ಸರ್ಜನ್ ಒಪ್ಪಿಗೆ ಕೊಟ್ಟಿದ್ದಾರೆಯೇ ನೋಡಿಕೊಳ್ಳಲಿ.

ನಿಧಾನವಾಗಿ ಓಡುವವರು ವಿಶೇಷವಾಗಿ ಗಮನಿಸಬೇಕಾದ ಒಂದು ವಿಷಯವಿದೆ. ಹೆಚ್ಚು ಹೊತ್ತು ದಾರಿಯಲ್ಲಿರುವುದರಿಂದ ಸಿಕ್ಕಲ್ಲೆಲ್ಲ ನೀರು ಕುಡಿದು, ರಕ್ತದಲ್ಲಿ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿಯಬಹುದು. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇಕಡಾ 13ರಷ್ಟು ಮಂದಿಯಲ್ಲಿ ಸೋಡಿಯಂ ಕಡಿಮೆಯಿತ್ತು. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಓಡಿದವರಲ್ಲಿ, ಓಟದ ನಡುವೆ ತೂಕ ಏರಿದವರಲ್ಲಿ ಇದು ಹೆಚ್ಚಾಗಿ ಕಂಡಿತು. ಆದ್ದರಿಂದ ಬಾಯಾರಿದಾಗ ಕುಡಿಯಿರಿ, ‘ಇರಲಿ’ ಎಂದು ಕುಡಿಯಬೇಡಿ. ತಲೆನೋವು, ವಾಂತಿ, ಬೆರಳು ಊದುವುದು, ಮಾತು ತಡವರಿಸುವುದು ಕಂಡರೆ ದಾರಿಯಲ್ಲಿರುವ ಸ್ವಯಂಸೇವಕರಿಗೆ ಕೂಡಲೇ ಹೇಳಿ. ತಿನ್ನಲು ಅಲ್ಲಿ ಬೇಯಿಸಿದ ಆಲೂಗಡ್ಡೆ, ಉಪ್ಪು, ಕಿತ್ತಳೆ ಹೋಳು ಇಡುವುದು ವಾಡಿಕೆ. ಜೇಬಿನಲ್ಲಿ ನಿಮ್ಮದೇ ಕಡಲೆಮಿಠಾಯಿಯೂ ಇರಲಿ, ಅಭ್ಯಾಸದ ಹೊಟ್ಟೆಗೆ ಅಭ್ಯಾಸದ ತಿಂಡಿಯೇ ಹಿತ. ವೇಗ ಎಷ್ಟಿರಬೇಕೆಂದು ಅಳೆಯಲು ಮಾತೇ ಸಾಕು: ಪೂರ್ತಿ ವಾಕ್ಯ ಆಡಲು ಉಸಿರು ಸಾಲುತ್ತಿದ್ದರೆ ಸರಿಯಾದ ವೇಗದಲ್ಲಿದ್ದೀರಿ. ಏಪ್ರಿಲ್‌ನಲ್ಲಿ ಅಲ್ಲಿನ ಇಳಿಜಾರುಗಳಲ್ಲಿ ಕಿತ್ತಳೆ ಬಣ್ಣದ ಪಾಪಿ ಹೂವು, ನೀಲಿ ಲೂಪಿನ್ ಅರಳಿರುತ್ತವೆ, ನಿಂತು ನೋಡಿ. ಆದರೆ ದಾರಿ ಬಿಟ್ಟು ಪೊದೆಗೆ ಇಳಿಯಬೇಡಿ. ಮೂರೆಲೆಯ ಪಾಯ್ಸನ್ ಓಕ್ ತಾಗಿದರೆ ವಾರಗಟ್ಟಲೆ ತುರಿಕೆ. ಉಣ್ಣಿಗಳೂ ಇವೆ, ಮನೆಗೆ ಬಂದು ಮೈಯೆಲ್ಲ ನೋಡಿಕೊಳ್ಳಿ.

ಪತ್ರವನ್ನು ಮತ್ತೊಮ್ಮೆ ಓದಿದಾಗ ಇನ್ನೊಂದು ಪ್ರಶ್ನೆ ಎದ್ದಿತು, ಅದನ್ನು ನಿಮಗೂ ಓದುತ್ತಿರುವ ಎಲ್ಲರಿಗೂ ಕೇಳುತ್ತಿದ್ದೇನೆ. ಹೊರೆ ಎಂಬ ಭಾವ ಈ ಓಟದ ಮಟ್ಟಿಗೆ ಮಾತ್ರ ಇದೆಯೇ? ಅಥವಾ ಮನೆಯಲ್ಲಿ, ಕೆಲಸದಲ್ಲಿ, ಮಕ್ಕಳ ಮುಂದೆಯೂ ‘ನಾನು ಎಲ್ಲರಿಗೂ ಭಾರ’ ಅನ್ನಿಸುತ್ತಿದೆಯೇ? ನಿದ್ದೆ ಎರಡು ವಾರಕ್ಕಿಂತ ಹೆಚ್ಚು ಕಾಲ ಕೆಟ್ಟಿದ್ದರೆ, ಹಿಂದೆ ಇಷ್ಟವಾಗುತ್ತಿದ್ದುದು ಈಗ ರುಚಿಸದಿದ್ದರೆ, ಅದನ್ನು ಸ್ವಭಾವ ಎಂದು ತಳ್ಳಿಹಾಕಬೇಡಿ. ಖಿನ್ನತೆ ಇಂಥದೇ ಮಾತು ಆಡಿಸುತ್ತದೆ, ಅದಕ್ಕೆ ಚಿಕಿತ್ಸೆಯಿದೆ. ನಲವತ್ತರ ನಂತರದ ಹಾರ್ಮೋನು ಬದಲಾವಣೆಯೂ ನಿದ್ದೆಯನ್ನು, ಮನಸ್ಸನ್ನು ಕಲಕಬಲ್ಲದು. ನಿಮ್ಮ ಫ್ಯಾಮಿಲಿ ಡಾಕ್ಟರರ ಹತ್ತಿರ ಮುಚ್ಚುಮರೆಯಿಲ್ಲದೆ ಹೇಳಿ, ಅವರು ಆಪ್ತಸಮಾಲೋಚಕರ ಬಳಿ ಕಳುಹಿಸುತ್ತಾರೆ. ‘ನಾನಿಲ್ಲದಿದ್ದರೇ ಇವರಿಗೆಲ್ಲ ಒಳ್ಳೆಯದು’ ಎಂಬ ಯೋಚನೆ ಒಮ್ಮೆ ಸುಳಿದರೂ ಕಾಯಬೇಡಿ. ಅಮೆರಿಕದಲ್ಲಿ 988ಕ್ಕೆ, ಭಾರತದಲ್ಲಿ ಟೆಲಿ-ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಯಜಮಾನರ ಮಾತು ನೋಯಿಸಬೇಕೆಂದು ಆಡಿದ್ದಲ್ಲ ಎಂದೇ ನಂಬುತ್ತೇನೆ. ಆದರೆ ಅದು ನಿಮ್ಮೊಳಗೆ ಮೊದಲೇ ಇದ್ದ ಗಾಯದ ಮೇಲೆ ಬಿತ್ತು, ಅವರಿಗೆ ಅದು ಗೊತ್ತಿಲ್ಲ. ಗೊತ್ತುಮಾಡಿ. ‘ನೀವು ತಮಾಷೆಗೆ ಅಂದಿದ್ದು ನನಗೆ ನಾಟಿತು ರೀ’ ಎಂದರೆ ಜಗಳವಾಗುವುದಿಲ್ಲ. ಅದೇ ಉಸಿರಿನಲ್ಲಿ ಅವರಿಗೊಂದು ಕೆಲಸವನ್ನೂ ಒಪ್ಪಿಸಿ. ಆ ದಿನ ಅಷ್ಟು ದೂರ ಹತ್ತಿ ಇಳಿದ ಕಾಲು ಬ್ರೇಕ್ ಒತ್ತುವ ಸ್ಥಿತಿಯಲ್ಲಿ ಇರುವುದಿಲ್ಲ, ಗೆಳತಿಯದೂ ಇರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರು ಅಲ್ಲಿಗೆ ಬರಲಿ. ಗಾಳಿಗೆ ಇಬ್ಬರಿಗೂ ಒಂದೊಂದು ಸ್ವೆಟರ್, ಒಂದು ಡಬ್ಬಿ ಮೊಸರನ್ನ, ಜೊತೆಗೆ ಉಪ್ಪಿನಕಾಯಿ ತರಲಿ. ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ಅವರು ಕೇಳಿದರೆ, ಸರಿಯಾಗಿ ಹೇಳಲಾಗುವುದಿಲ್ಲ, ಓದಲು ಒಂದು ಪುಸ್ತಕ ತನ್ನಿ ಎಂದು ಹೇಳಿ.